ಗೋಡೆ ಸಂದಿನ ಚಿಪ್ಪು

"ಕುಡುದ್ಮೇಲೆ ತೊಳ್ದಿಡೇ, ಮುಂಡೆ. ನಿಮ್ಮಪ್ಪನ ಮನೆ ಆಳು ಯಾರೂ ಇಲ್ಲ ಇಲ್ಲಿ."

ಮಹಾಲಿಂಗಯ್ಯ ಹೀಗೆ ಅಂದದ್ದು ನಮ್ಮತ್ತೆ ಪಾಕಿಯಮ್ಮನಿಗೆ. ಗುಬ್ಬಿಯಿಂದ ಕಡಬಕ್ಕೆ ಹೋಗುವ ರಸ್ತೆಯಲ್ಲಿ ಅವನ ಹೋಟೆಲು. ಒಳಗೆ ಕೂತವರಿಗೆ ಗಾಜಿನ ಲೋಟ. ಜಲ್ಲಿ ಒಡೆಯುವ ನಮಗೆ ಹಿತ್ತಲ ಗೋಡೆಯ ಸಂದಿನಲ್ಲಿ ಸಿಕ್ಕಿಸಿದ ತೆಂಗಿನ ಚಿಪ್ಪು. ಅತ್ತೆ ಒಂದು ಗುಟುಕು ಕುಡಿದು, ಉಳಿದದ್ದನ್ನು ಅವನೆದುರೇ ನೆಲಕ್ಕೆ ಚೆಲ್ಲಿದಳು.

"ಇದು ಟೀ ಅಲ್ಲ ಸಾಮಿ. ಫ್ಯಾಕ್ಟ್ರಿ ನೆಲ ಗುಡ್ಸುದ್ರೆ ಬರ್ತದಲ್ಲ, ಆ ಧೂಳು."

ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಸಿಲೋನಿನ ತೋಟದಲ್ಲಿ ನಲವತ್ತು ವರ್ಷ ಟೀ ಎಲೆ ಕಿತ್ತವಳು. ಅಲ್ಲಿನದು, ಇಲ್ಲಿನದು ಎರಡು ಸರ್ಕಾರಗಳು ಮಾತಾಡಿಕೊಂಡು, ನಿಮ್ಮ ತಾತಂದಿರು ಬಂದದ್ದು ಇಂಡಿಯಾದಿಂದ, ನಿಮ್ಮ ದೇಶ ಅದು, ಹೋಗಿ ಎಂದು ನಮ್ಮನ್ನು ಹಡಗು ಹತ್ತಿಸಿದ್ದವು. ನಮ್ಮ ದೇಶವನ್ನು ನಾವು ಕಣ್ಣಿಂದ ನೋಡಿದ್ದೇ ಆಗ. ಅಲ್ಲಿ ಇಲ್ಲಿ ಅಲೆದು ಎಪ್ಪತ್ತಾರರಲ್ಲಿ ಈ ಜಲ್ಲಿ ರಾಶಿಯ ಪಕ್ಕ ಹತ್ತು ಗುಡಿಸಲು ಹಾಕಿಕೊಂಡೆವು. ಜೊತೆಯಲ್ಲಿ ಕಲ್ಲು ಒಡೆಯುತ್ತಿದ್ದ ಚಿಕ್ಕಗಂಗಮ್ಮ, ತಮಿಳು ಮಾತ್ರ ಬರುತ್ತಿದ್ದ ನಮಗೆ ಕನ್ನಡ ಕಲಿಸಿದಳು. ಮೊದಲು ಬೈಗುಳ ಕಲಿಸಿದಳು. "ದಿನಾ ಕೆಲ್ಸಕ್ಕೆ ಬರೋವು ಅವೇ ಕಣೇ" ಅಂದಳು.

ಹೋಟೆಲಿನ ಟೀ ಚೆಲ್ಲಿದ ಮಾರನೇ ದಿನ ಅತ್ತೆ ರಸ್ತೆ ಬದಿಗೆ ಮೂರು ಕಲ್ಲು ಹೂಡಿ ಟೀ ಕಾಸಿದಳು. ಕಲ್ಲಿಗೆ ನಮ್ಮಲ್ಲಿ ಬರವಿರಲಿಲ್ಲ. ಮೊದಲು ಕೂಲಿಯವರು ಬಂದರು, ಆಮೇಲೆ ಲಾರಿಯವರು, ಆಮೇಲೆ ಬಸ್ಸಿನ ಕಂಡಕ್ಟರು.

ಮಹಾಲಿಂಗಯ್ಯ ಊರಿನ ಹಾಲಿನವರಿಗೆಲ್ಲ ಕಟ್ಟಪ್ಪಣೆ ಮಾಡಿದ: ಸಿಲೋನಿನವಳಿಗೆ ಹಾಲು ಹಾಕಕೂಡದು. ಅತ್ತೆ ಬಿದ್ದು ಬಿದ್ದು ನಕ್ಕಳು. ತೋಟದಲ್ಲಿ ನಾವು ಟೀಗೆ ಹಾಲು ಕಂಡವರೇ ಅಲ್ಲ. ಅಂಗೈಯಲ್ಲಿ ಬೆಲ್ಲದ ಚೂರು. ಒಂದು ಸಲ ನೆಕ್ಕುವುದು, ಒಂದು ಗುಟುಕು ಹೀರುವುದು. ಲೋಟವೂ ಬೇಕಿರಲಿಲ್ಲ. ತೆಂಗಿನ ಸೀಮೆಯಲ್ಲಿ ಚಿಪ್ಪಿಗೇನು ಕಡಿಮೆ?

ಆಗ ಅವನು ಅಮಲ್ದಾರರಿಗೆ ಅರ್ಜಿ ಬರೆದ: ಪರದೇಶದವರು ಸರ್ಕಾರಿ ಜಾಗ ಹಿಡಿದಿದ್ದಾರೆ, ಗುಡಿಸಲು ಕೀಳಿಸಬೇಕು.

ಅಮಲ್ದಾರರ ಜೀಪು ಬಂದದ್ದು ಸುಡು ಬಿಸಿಲಲ್ಲಿ. ಅವತ್ತೇ ಅವನ ಹೋಟೆಲಿನ ಹಾಲು ಒಡೆದುಹೋಗಿತ್ತು. ಗಾಜಿನ ಲೋಟ ಹಿಡಿದು ತಾನೇ ನಮ್ಮ ಒಲೆಯ ಹತ್ತಿರ ಬಂದ.

"ಬೇಗ ಉಯ್ಯೇ ಇದಕ್ಕೆ. ಅಮಲ್ದಾರ್ರು ಕಾಯ್ತಾವ್ರೆ."

"ಲೋಟಕ್ಕೆ ಉಯ್ಯಲ್ಲ ಸಾಮಿ. ಇಲ್ಲಿ ಎಲ್ರಿಗೂ ಚಿಪ್ಪೇಯ."

"ಗುಡುಸ್ಲು ಉಳುಸ್ಕೊಳೋ ಆಸೆ ಇಲ್ವೇನೇ?"

ಕೊಟ್ಟುಬಿಡು ಅತ್ತೆ ಎಂದು ಸೆರಗು ಎಳೆದೆ. ಅವಳು ತಿರುಗಿಯೂ ನೋಡಲಿಲ್ಲ.

"ಆಸೆ ಅದೆ. ಲೋಟ ಮಾತ್ರ ಇಲ್ಲ."

ಅಷ್ಟರಲ್ಲಿ ಅಮಲ್ದಾರರೇ ನಡೆದು ಬಂದರು. ಅವರ ಜೀಪಿನ ಡ್ರೈವರು ಆಗಲೇ ಜಲ್ಲಿ ರಾಶಿಯ ಮೇಲೆ ಕೂತು ಎರಡನೇ ಚಿಪ್ಪು ಮುಗಿಸುತ್ತಿದ್ದ. ಅವನನ್ನೊಮ್ಮೆ ನೋಡಿ, ಅಂಗೈ ಚಾಚಿ ಬೆಲ್ಲ ಇಸಿದುಕೊಂಡು, ತಾವೂ ಒಂದು ಚಿಪ್ಪು ಕುಡಿದರು.

"ಚೆನ್ನಾಗಿದೆ ಕಣಮ್ಮ. ಮಹಾಲಿಂಗಯ್ಯನೋರಿಗೂ ಕೊಡು."

ಮಹಾಲಿಂಗಯ್ಯ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಚಿಪ್ಪು ಬಾಯಿಗೆ ಹೋಯಿತು. ಚಿಕ್ಕಗಂಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅರ್ಜಿ ಅಮಲ್ದಾರರ ಜೇಬಿನಲ್ಲೇ ಇತ್ತು. ಗುಡಿಸಲಿನ ಮಾತನ್ನು ಅವರಿನ್ನೂ ಎತ್ತಿರಲಿಲ್ಲ.

ಅತ್ತೆ ನೀರಿನ ಚೊಂಬನ್ನು ಮಹಾಲಿಂಗಯ್ಯನ ಕಡೆಗೆ ಸರಿಸಿದಳು.

"ಕುಡುದ್ಮೇಲೆ ತೊಳ್ದಿಡಿ, ಸಾಮಿ."