ಮಾತ್ರೆಯ ಗಂಟೆ ಎರಡನೇ ಸಲ ಬಾರಿಸಿದಾಗ

ವೇಣೂರಿನ ಅಶ್ವಿತಾ ಬಿಸಿಎ ಕೊನೆಯ ವರ್ಷದ ಹುಡುಗಿ. ಕಂಪ್ಯೂಟರ್ ಮುಂದೆ ಕೂತರೆ ಹುಲಿ. ನಾಲ್ಕು ಜನರ ಮುಂದೆ ಮಾತ್ರ ಬಾಯಿ ಬಿಡಲು ಹೆದರುತ್ತಿದ್ದಳು.

ಈ ಸಲ ಕಾಲೇಜಿನಲ್ಲಿ ಪಾಠದ ಜೊತೆ ಪ್ರಾಜೆಕ್ಟ್ ಕೊಟ್ಟರು. ಊರಿನವರ ಒಂದು ಕಷ್ಟ ಕೇಳಿ ತಿಳಿದು, ಮೂವರು ಸೇರಿ ಅದಕ್ಕೊಂದು ಆ್ಯಪ್ ಮಾಡಬೇಕು. ಅಶ್ವಿತಾ, ಫಾಹಿಮಾ, ರಂಜಿತ್ ಒಂದು ತಂಡ. ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವ ಆ್ಯಪ್ ಅವರದು.

ತಾಯಿ ವಾರಿಜಾಕ್ಷಿಗೆ ಇದು ಹಿಡಿಸಲಿಲ್ಲ. "ಕಂಡವರ ಮನೆಗೆ ಹೋಗಿ ಮಾತಾಡುವುದರಲ್ಲಿ ಎಂತ ಕಲಿಯಲಿಕ್ಕುಂಟು ಮಾರಾಯ್ತಿ? ಮನೆಯಲ್ಲಿ ಕೂತು ಓದು. ಮಾರ್ಕ್ ಬಂದರೆ ಸಾಕು."

ಫಾಹಿಮಾ ಬಿಡಲಿಲ್ಲ. "ಆಂಟಿ, ನಾಳೆ ಕೆಲಸಕ್ಕೆ ಸೇರಿದರೂ ಜನರ ಜೊತೆಯೇ ಅಲ್ವಾ? ಕೇಳಲಿಕ್ಕೆ, ಹೇಳಲಿಕ್ಕೆ ಈಗಲೇ ಕಲಿಯುವ."

ಆ್ಯಪ್ ತಯಾರಾಯಿತು. ಪರೀಕ್ಷಿಸುವಾಗ ಅಶ್ವಿತಾಳಿಗೆ ಒಂದು ತಪ್ಪು ಕಂಡಿತು. ನೆಟ್‌ವರ್ಕ್ ಇಲ್ಲದಾಗ ‘ಮಾತ್ರೆ ತೆಗೆದುಕೊಂಡೆ’ ಎಂಬ ಗುಂಡಿ ಒತ್ತಿದರೂ ಅದು ದಾಖಲಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗಂಟೆ ಮತ್ತೆ ಬಾರಿಸುತ್ತಿತ್ತು. ಆ ಭಾಗ ಬರೆದವನು ರಂಜಿತ್. ಹೇಳಿದರೆ ಸಿಟ್ಟಾದಾನು, ನನ್ನದೇ ತಪ್ಪಾಗಿದ್ದರೆ ನಗೆಪಾಟಲು ಎಂದು ಹೆದರಿ ಅವಳು ಸುಮ್ಮನಾದಳು.

ಮರುದಿನ ಆ್ಯಪ್ ತೋರಿಸಲು ಪುತ್ತಿಗೆಯ ಕಾವೇರಮ್ಮನ ಮನೆಗೆ ಹೋದರು. ಅಜ್ಜಿಗೆ ಸಕ್ಕರೆ ಕಾಯಿಲೆ, ಮೇಲಿಂದ ಮರೆವು. ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟರು. ಗಂಟೆ ಬಾರಿಸಿತು. ಅಜ್ಜಿ ಮಾತ್ರೆ ನುಂಗಿ ಗುಂಡಿ ಒತ್ತಿದರು. ಫಾಹಿಮಾ, ರಂಜಿತ್ ಜಗಲಿಗೆ ಹೋಗಿ ಅಜ್ಜಿಯ ಸೊಸೆಯೊಡನೆ ಮಾತಿಗೆ ನಿಂತರು.

ಅಶ್ವಿತಾ ಫೋನಿನತ್ತ ನೋಡಿದಳು. ನೆಟ್‌ವರ್ಕ್ ಇಲ್ಲ! ಈಗ ಹೇಳಲೇ? ಹೇಗೆ ಹೇಳಲಿ? ಜಗಲಿಯತ್ತ ಎರಡು ಹೆಜ್ಜೆ ಇಟ್ಟವಳು ಹಿಂದೆ ಬಂದಳು.

ಗಂಟೆ ಮತ್ತೆ ಬಾರಿಸಿತು.

"ಓ, ಮಾತ್ರೆ ತೆಗೆದುಕೊಳ್ಳಲೇ ಇಲ್ವಾ ನಾನು?" ಎನ್ನುತ್ತಾ ಅಜ್ಜಿ ಇನ್ನೊಂದು ಮಾತ್ರೆ ಬಿಡಿಸಿಕೊಂಡರು. ಕೈ ಬಾಯಿಯ ಹತ್ತಿರ ಹೋಯಿತು.

"ಬೇಡ ಅಜ್ಜಿ!"

ತನ್ನ ಕೂಗಿಗೆ ಅಶ್ವಿತಾಳೇ ಬೆಚ್ಚಿದಳು. ಮಾತ್ರೆ ನೆಲಕ್ಕೆ ಬಿತ್ತು. ಎಲ್ಲರೂ ಒಳಗೆ ಓಡಿಬಂದರು.

"ನಿನ್ನೆಯೇ ಕಂಡಿತ್ತು," ಅವಳು ಬಿಕ್ಕುತ್ತಾ ಎಲ್ಲ ಹೇಳಿದಳು. "ಹೇಳಲಿಕ್ಕೆ ಹೆದರಿಕೆ ಆಯ್ತು."

ರಂಜಿತ್ ನೆಲದಲ್ಲಿದ್ದ ಮಾತ್ರೆ ಎತ್ತಿಕೊಂಡ. "ತಪ್ಪು ನನ್ನದು. ನೀನು ಹೆದರದೆ ಬಂದು ಹೇಳುವ ಹಾಗೆ ನಾನೂ ನಡೆದುಕೊಂಡಿರಲಿಲ್ಲ. ಆದರೆ ನಾವು ಇಲ್ಲಿ ಇಲ್ಲದಿದ್ದರೆ?"

ರಂಜಿತ್ ಆ್ಯಪನ್ನು ಅಲ್ಲೇ ಫೋನಿನಿಂದ ತೆಗೆದ. ಮುಂದಿನ ದಿನಗಳಲ್ಲಿ ಮೂವರೂ ಒಟ್ಟಿಗೆ ಕೂತು ತಪ್ಪು ಸರಿಪಡಿಸಿದರು. ಪ್ರತಿದಿನ ಕೆಲಸ ಮುಗಿಸುವ ಮೊದಲು ‘ಎಲ್ಲಿ ಎಡವಿದ್ದೇವೆ’ ಎಂದು ಒಬ್ಬರನ್ನೊಬ್ಬರು ಕೇಳುವ ರೂಢಿ ಮಾಡಿಕೊಂಡರು. ಕಾಲೇಜಿನಲ್ಲಿ ಆ್ಯಪ್ ವಿವರಿಸಿದವಳು ಅಶ್ವಿತಾ. ಧ್ವನಿ ನಡುಗಿತು, ಆದರೆ ನಿಲ್ಲಲಿಲ್ಲ.

ಸಂಗತಿ ಕೇಳಿದ ವಾರಿಜಾಕ್ಷಿ ಮಗಳ ಪಕ್ಕ ಬಂದು ಕೂತರು. ಆಮೇಲೆ ಹೇಳಿದರು, "ಆ ಅಜ್ಜಿಯ ಜಾಗದಲ್ಲಿ ನಾನಿದ್ದರೆ? ನೀನು ಹೋಗು ಮಗಾ. ಜನರ ಜೊತೆ ಮಾತಾಡಿ ಕಲಿ."

ಅಪ್ಪ ಅಮ್ಮಂದಿರೇ, ಮಕ್ಕಳು ತಂಡ ಕಟ್ಟಿಕೊಂಡು ಪ್ರಾಜೆಕ್ಟ್‌ಗೆ ಹೊರಟರೆ ತಡೆಯಬೇಡಿ. ಕೇಳಿಸಿಕೊಳ್ಳುವುದು, ಕೂಡಿ ದುಡಿಯುವುದು, ತಪ್ಪನ್ನು ತಪ್ಪೆನ್ನುವುದು ಮಾಡುತ್ತಲೇ ಬರುವ ವಿದ್ಯೆ. ಕಂಪ್ಯೂಟರ್ ಕಲಿಯುವ ಮಕ್ಕಳೇ, ಹೆದರಿಕೆಯಾದರೂ ಇವತ್ತೇ ಹೇಳಿ. ನೀವು ಸುಮ್ಮನಿದ್ದುದರ ಬೆಲೆ ತೆರುವವರು ಬೇರೆ ಯಾರೋ ಆಗಿರಬಹುದು.