ಪೇಟ ಕಟ್ಟುವ ಕೈ

ಹೆಸರು ಹೇಳಿದರೆ ಜಗಳಕ್ಕೆ ಬರುವಂಥ ಒಂದು ಊರು. ಅಲ್ಲಿನ ಸಭೆಯಲ್ಲಿ ನೂರು ಆಸನ, ನೂರರಲ್ಲೂ ಗಂಡಸರು. ಪೇಟವಿಲ್ಲದ ತಲೆಗೆ ಒಳಗೆ ಪ್ರವೇಶವಿಲ್ಲ, ಪೇಟವನ್ನು ಹೆಂಡತಿಯೇ ಕಟ್ಟಬೇಕು ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಹೀಗಾಗಿ ಹನ್ನೆರಡು ಮೊಳದ ಆ ಬಟ್ಟೆಯನ್ನು ಸುತ್ತುವ ಬಗೆ ಊರಿನ ಒಬ್ಬ ಗಂಡಸಿಗೂ ಗೊತ್ತಿರಲಿಲ್ಲ.

ಮತ ಹಾಕುವವರಲ್ಲಿ ಹೆಂಗಸರೇ ಹೆಚ್ಚು. ಚುನಾವಣೆ ಬಂತೆಂದರೆ ಪೇಟಗಳೆಲ್ಲ ಅವರ ಹೊಸ್ತಿಲಲ್ಲಿ ಬಾಗುತ್ತಿದ್ದವು. ಸೀರೆ, ಬಳೆ, 'ತಾಯಂದಿರೇ' ಎಂಬ ಗದ್ಗದ ಕಂಠ, ಯಾವುದಕ್ಕೂ ಕೊರತೆಯಿಲ್ಲ. ಗೆದ್ದ ಮೇಲೆ ಹೆಂಗಸರ ಕಷ್ಟಸುಖ ವಿಚಾರಿಸಲು ಏಳು ಜನರ ಸಮಿತಿಯೂ ಆಗುತ್ತಿತ್ತು. ಏಳೂ ಪೇಟಗಳೇ.

ಕಾಶವ್ವನಿಗೆ ಇದೆಲ್ಲ ಸಾಕಾಗಿತ್ತು. ಊರ ಹೆರಿಗೆ ಮನೆಗೆ ಬೀಗ ಬಿದ್ದು ಒಂಬತ್ತು ವರ್ಷ. ಪ್ರತಿ ಸಭೆಯೂ ಆ ವಿಷಯವನ್ನು ಮುಂದಿನ ಸಭೆಗೆ ತಳ್ಳುತ್ತಿತ್ತು. ಈಗ ಅವಳ ಮಗಳು ತುಂಬು ಬಸುರಿ. ಹೆರಿಗೆಗೆ ಹೊಳೆ ದಾಟಿ ಹೋಗಬೇಕು. ಹೋದ ವರ್ಷ ಹಾಗೆ ಹೋದ ಪಕ್ಕದ ಮನೆಯ ಸೊಸೆ ತಿರುಗಿ ಬರಲಿಲ್ಲ. ಕಾಶವ್ವನಿಗೆ ಹೆದರಿಕೆಯಾಗಿತ್ತು. ಆ ಹೆದರಿಕೆಯಲ್ಲೇ ಅವಳು ಚುನಾವಣೆಗೆ ನಿಂತಳು. ಓಣಿಯ ಹೆಂಗಸರು ಎದುರಾಳಿ ಹಂಚಿದ ಸೀರೆಯನ್ನೇ ಉಟ್ಟು ಬಂದು ಇವಳಿಗೆ ಮತ ಹಾಕಿ ಗೆಲ್ಲಿಸಿದರು.

ಸಭೆಯ ಬಾಗಿಲಲ್ಲಿ ಕಾವಲುಗಾರ ತಡೆದ. "ಪೇಟ ಇಲ್ಲಲ್ಲವ್ವಾ."

"ಕಟ್ಟಿಕೊಂಡ ಬರ್ತೀನಿ ತಗೋಪಾ."

ಸಭೆಯ ಹಿರಿಯ ಮಲ್ಲೇಶಪ್ಪನವರು ನಕ್ಕರು. "ಪೇಟ ಹೆಂಡ್ತಿ ಕಟ್ಟಬೇಕು ತಂಗಿ. ನಿನಗ ಹೆಂಡ್ತಿ ಎಲ್ಲಿದ್ದಾಳ?"

ಉಳಿದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸಂಜೆ ಕಾಶವ್ವ ಮನೆಮನೆಗೂ ಹೋದಳು. ಹೆತ್ತ ಹೆಂಗಸರಿಗೆ ಅವಳು ಹೆಚ್ಚೇನೂ ಬಿಡಿಸಿ ಹೇಳಬೇಕಾಗಲಿಲ್ಲ.

ಮರುದಿನ ಊರಿನಲ್ಲಿ ಒಬ್ಬ ಹೆಂಗಸೂ ಪೇಟ ಕಟ್ಟಲಿಲ್ಲ. ತೊಂಬತ್ತೊಂಬತ್ತು ಬೋಳು ತಲೆ, ನರೆತ ತಲೆಗಳು ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ನಿಂತವು. ಕಾವಲುಗಾರ ಅವರನ್ನೂ ಬಿಡಲಿಲ್ಲ. ಮಲ್ಲೇಶಪ್ಪನವರು ಅಲ್ಲೇ ಘೋಷಿಸಿದರು: "ಇಂದಿನಿಂದ ಪೇಟದ ಕಟ್ಟಳೆ ರದ್ದು! ತಾಯಂದಿರ ಶ್ರಮ ತಗ್ಗಿಸಲು ಇದು ನಮ್ಮ ಕಾಣಿಕೆ." ಚಪ್ಪಾಳೆ ಬಿತ್ತು. ಎಲ್ಲರೂ ಒಳಗೆ ನಡೆದರು. ಅವರ ಹಿಂದೆಯೇ ಕಾಶವ್ವನೂ ಹೋಗಿ ತನ್ನ ಆಸನದಲ್ಲಿ ಕುಳಿತಳು.

"ಮೊದಲ ಹೆರಿಗಿ ಮನಿ ವಿಷಯ ತಗೋರಿ," ಎಂದಳು.

ಮಲ್ಲೇಶಪ್ಪನವರ ಮುಖ ಸಪ್ಪಗಾಯಿತು. ಅಕ್ಕಪಕ್ಕ ಪಿಸುಮಾತು ಹರಿದಾಡಿತು. ಒಂದು ಕೈ ಬಿಟ್ಟು ಉಳಿದೆಲ್ಲ ಕೈಗಳೂ ಮೇಲೆದ್ದವು. ಕಾಶವ್ವನನ್ನು ಹೊರಗಟ್ಟಲೆಂದು ಪೇಟದ ಕಟ್ಟಳೆ ಆ ಕ್ಷಣದಿಂದಲೇ ಮತ್ತೆ ಜಾರಿಗೆ ಬಂತು. ಕಾವಲುಗಾರ ನಿಯಮಕ್ಕೆ ಕಟ್ಟುಬಿದ್ದ ಮನುಷ್ಯ. ಒಳಗೆ ಬಂದು ಒಂದೊಂದೇ ತಲೆಯನ್ನು ನೋಡಿದ.

"ಹಂಗಾದ್ರ ಎಲ್ಲಾರೂ ಹೊರಗ ನಡೀರಿ," ಎಂದ.

ಮೆಟ್ಟಿಲ ಮೇಲೆ ಮಲ್ಲೇಶಪ್ಪನವರು ತಾವೇ ಬಟ್ಟೆ ಸುತ್ತಲು ನೋಡಿದರು. ಅದು ಜಾರಿ ಮೂಗಿನ ಮೇಲೆ ಬಿತ್ತು. ಬಟ್ಟೆ ಸರಿಸಿ ಕಣ್ಣು ಬಿಟ್ಟಾಗ ಕಾಶವ್ವ ಹೆರಿಗೆ ಮನೆಯ ಕಡೆಗೆ ಹೊರಟಿದ್ದಳು. ಕೈಯಲ್ಲಿ ದಪ್ಪನೆಯ ಕಲ್ಲು.

"ಏ ತಂಗಿ, ಬೀಗ ಒಡಿಯೂದು ಅಪರಾಧ!"

ಕಾಶವ್ವ ತಿರುಗಿ ನೋಡಿದಳು.

"ಖರೇ ಅಣ್ಣಾರ. ಒಳಗ ಹೋಗಿ ಹಂಗಂತ ಠರಾವು ಮಾಡ್ರಿ."