ಎರಡನೆಯ ಡಿಸ್ಕಿನ ಪೂಜೆ

ಹೊನ್ನಾವರದ ಬಂದರಿನಲ್ಲಿ ಕುಪ್ಪನ ಏಟು ತಿನ್ನದ ಕೆಲಸಗಾರ ಯಾರೂ ಇರಲಿಲ್ಲ. ಅವನಿಗೆ ಬೋಟುಗಳಿದ್ದವು, ಮಂಜುಗಡ್ಡೆಯ ಕಾರ್ಖಾನೆಯಿತ್ತು, ಮೂಗಿನ ತುದಿಯಲ್ಲೇ ಕೋಪವಿತ್ತು. ಹಿಂದಿನ ವರ್ಷ ಐಸಿನ ಯಂತ್ರ ಕೆಟ್ಟು ಗಡ್ಡೆಗಳೆಲ್ಲ ಕರಗಿದಾಗ, ಯಂತ್ರ ನೋಡಿಕೊಳ್ಳುತ್ತಿದ್ದ ಜಟ್ಟಿಯ ಬಲಗೈಯನ್ನು ಕಟ್ಟೆಯ ಮೇಲೆ ಇಡಿಸಿ, ಐಸು ಒಡೆಯುವ ಮರದ ಕೊಡತಿಯಿಂದ ಜಜ್ಜಿದ್ದ. ಬಾಗಿಲಿಗೆ ಕೈ ಸಿಕ್ಕಿತು ಎಂದು ಜಟ್ಟಿಯೇ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಈಗ ಎಡಗೈಯಲ್ಲಿ ಅಂಗಳ ಗುಡಿಸುತ್ತಾನೆ.

ವೆಂಕಟ ದಿನವೂ ಆ ಕೈ ನೋಡಿಕೊಂಡೇ ಕುಪ್ಪನ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದ. ಹತ್ತಿರದ ಕಾಗಾಲ ಊರಿನ ಹುಡುಗ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ. ಬೊಂಬಾಯಿಯ ಸಿಗಡಿ ವ್ಯಾಪಾರಿಗಳ ಹತ್ತಿರ ಇದೆಯೆಂದು ಕುಪ್ಪನೂ ಒಂದು ಕಂಪ್ಯೂಟರ್ ತರಿಸಿದ್ದ. ೧೯೮೮ರಲ್ಲಿ ಇಡೀ ಪೇಟೆಗೆ ಅದೊಂದೇ. ವ್ಯವಹಾರದ ಫೈಲುಗಳೆಲ್ಲ ಅದರ ಹಾರ್ಡ್ ಡಿಸ್ಕಿನಲ್ಲಿದ್ದವು. ಡಿಸ್ಕು ತುಂಬಿ, ಇನ್ನು ಜಾಗವಿಲ್ಲ ಎಂದು ಯಂತ್ರ ಹಟ ಹಿಡಿದಾಗ, ಬೊಂಬಾಯಿಯಿಂದ ಎರಡನೆಯದು ಬಂತು. ಇಟ್ಟಿಗೆಯಷ್ಟು ದೊಡ್ಡದು, ಇಟ್ಟಿಗೆಯಷ್ಟೇ ಭಾರ.

"ಹಳೇದ್ರಲ್ಲಿ ಇದ್ದದ್ದು ಒಂದಕ್ಷರ ಹೋತು ಅಂದ್ರೆ ನೋಡು," ಎಂದ ಕುಪ್ಪ. "ಜಟ್ಟಿಗೆ ಒಂದೇ ಕೈ ಹೋಗಿದ್ದು. ನಿಂಗೆ ಎರಡೂ. ಮತ್ತೆ ಕೇಳು, ಶುಕ್ರವಾರ ಕಾಯಿ ಒಡೆಯೂ ತನಕ ಹೊಸದನ್ನ ಚಾಲೂ ಮಾಡೂಕಿಲ್ಲ."

ಅದರಲ್ಲಿ ತಮಾಷೆ ಇರಲಿಲ್ಲ. ಅವನ ಅಣ್ಣ ದಾಸ ಹೊಸ ಬೋಟನ್ನು ಪೂಜೆಗೆ ಮೊದಲೇ ನೀರಿಗಿಳಿಸಿ, ಅಘನಾಶಿನಿಯ ಅಳಿವೆಯಲ್ಲಿ ಹೆಣವಾಗಿದ್ದ.

ವೆಂಕಟನಿಗೆ ಕಾಯಿಗಿಂತ ಕೈಯ ಚಿಂತೆ ಹೆಚ್ಚು. ಒಂದೇ ಕಡೆ ಇರುವ ಫೈಲುಗಳನ್ನು ನಂಬಿ ಯಂತ್ರವನ್ನು ಕುಪ್ಪನ ಪೂಜೆಗೆ ಒಪ್ಪಿಸುವುದೆಂದರೆ ಬರಿಗಾಲಲ್ಲಿ ಮುಳ್ಳು ತುಳಿದ ಹಾಗೆ. ಗುರುವಾರ ಸಂಜೆ ಕುಪ್ಪ ಮನೆಗೆ ಹೋದದ್ದೇ ತಡ, ಹೊಸ ಡಿಸ್ಕನ್ನು ಕೂರಿಸಿ, ಚಾಲೂ ಮಾಡಿ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ತುಂಬಿಸಿದ. ಆಮೇಲೆ ಹೊಸದರ ತಂತಿಗಳನ್ನು ಬಿಚ್ಚಿಟ್ಟ. ಯಾರಿಗೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕುಪ್ಪ ಮಿಂದು, ನಾಮ ಹಚ್ಚಿಕೊಂಡು ಬಂದ. ಕಂಪ್ಯೂಟರಿನ ಪೆಟ್ಟಿಗೆಯ ಮುಚ್ಚಳ ತೆಗೆಸಿ ಒಳಗೆಲ್ಲ ಕುಂಕುಮ ಹಚ್ಚಿದ. ವೆಂಕಟ ಕಾಯಿ ಒಡೆಯಲು ಕಲ್ಲು ತಂದರೆ ಅದನ್ನು ಒದ್ದು ಬಿಸಾಡಿದ.

"ಬೋಟಿನ ಕಾಯಿ ಬೋಟಿಗೇ ಒಡೀತ್ರು. ಕಲ್ಲಿಗೆಂತಕಾ?"

ಪೆಟ್ಟಿಗೆಯ ಕಬ್ಬಿಣದ ಮೂಲೆಗೇ ಕಾಯಿ ಅಪ್ಪಳಿಸಿದ. ನೀರು ಚಿಮ್ಮಿ ಹಳೆಯ ಡಿಸ್ಕಿನ ಮೇಲೆ ಹರಿಯಿತು.

"ಕುಪ್ಪಣ್ಣ, ತಡೀರಿ, ಒಣಗ್ಲಿ!"

ಯಾರ ಮಾತು ಯಾರು ಕೇಳಬೇಕು? ಕುಪ್ಪ ತಾನೇ ಸ್ವಿಚ್ಚು ಒತ್ತಿದ. ಚಟ್ ಎಂದಿತು. ಸುಟ್ಟ ವಾಸನೆ ಬಂತು. ಹಳೆಯ ಡಿಸ್ಕು ಸತ್ತೇಹೋಯಿತು.

ಮೊದಲ ಏಟಿಗೆ ವೆಂಕಟನ ತುಟಿ ಹರಿಯಿತು. ಎರಡನೆಯದಕ್ಕೆ ನೆಲಕ್ಕೆ ಬಿದ್ದ. ಬಿದ್ದವನ ಪಕ್ಕೆಗೆ ಕುಪ್ಪ ಒದ್ದ, ಮತ್ತೆ ಒದ್ದ, ನಂತರ ಜಟ್ಟಿಯನ್ನು ಕೂಗಿ ಕೊಡತಿ ತರಲು ಹೇಳಿದ. ಜಟ್ಟಿ ತಂದುಕೊಟ್ಟ, ತರದೆ ಏನು ಮಾಡುತ್ತಾನೆ?

"ಹೋಗ್ಲಿಲ್ಲ, ಕುಪ್ಪಣ್ಣ!" ವೆಂಕಟ ಬಾಯಲ್ಲಿ ರಕ್ತ ತುಂಬಿಕೊಂಡು ಕಿರುಚಿದ. "ಫೈಲೆಲ್ಲ ಹೊಸದ್ರಲ್ಲಿ ಅವೆ!"

ಎದ್ದು ನೀರೊರೆಸಿ, ಸತ್ತ ಡಿಸ್ಕಿನ ತಂತಿಗಳನ್ನು ಹೊಸದಕ್ಕೆ ಸಿಕ್ಕಿಸಿ, ಫ್ಲಾಪಿ ಹಾಕಿ ಯಂತ್ರ ಎಬ್ಬಿಸಿದ. ಪರದೆಯ ತುಂಬ ಫೈಲುಗಳ ಹೆಸರು ಸಾಲುಸಾಲಾಗಿ ಬಂದವು. ಕುಪ್ಪನ ಮುಖ ಅರಳಿತು. ವೆಂಕಟನಿಗೆ ಹೋದ ಜೀವ ಬಂದ ಹಾಗಾಯಿತು.

"ಯಾವಾಗ ತುಂಬ್ಸಿದ್ಯಾ ಇದ್ನ?"

"ನಿನ್ನೆ ಸಂಜಿಗೆ," ಎಂದುಬಿಟ್ಟ. ಮಾತು ಬಾಯಿಂದ ಜಾರಿದ ಮೇಲೆಯೇ ತಾನು ಏನು ಹೇಳಿದೆ ಎಂಬುದು ಗೊತ್ತಾಯಿತು.

"ಪೂಜೆಗೆ ಮೊದ್ಲು?" ಕುಪ್ಪನ ಧ್ವನಿ ತಣ್ಣಗಿತ್ತು. "ಅದಕೇ ಸುಟ್ಟಿದ್ದು ಅದು. ನನ್ನ ಅಣ್ಣನ್ನ ತಿಂದಿದ್ದೂ ಇದೇ ಸೊಕ್ಕು."

ವೆಂಕಟನ ಬಲಗೈಯನ್ನು ಮೇಜಿಗೆ ಒತ್ತಿಹಿಡಿದ. ಕೊಡತಿ ಬಿತ್ತು. ಬೆರಳುಗಳು ಮುರಿದ ಸದ್ದು ಬಾಗಿಲಲ್ಲಿ ನಿಂತ ಜಟ್ಟಿಗೂ ಕೇಳಿಸಿತು. ಅವನು ಮುಖ ತಿರುಗಿಸಿಕೊಂಡ. ಪಾಪಿ ಕುಪ್ಪ ಕೊಡತಿಯನ್ನು ಮೂಲೆಗೆ ಒರಗಿಸಿ, ಕೈ ತೊಳೆದುಕೊಂಡು, ಇನ್ನೊಂದು ಕಾಯಿ ತೆಗೆದುಕೊಂಡ. ಈ ಸಲ ಕಲ್ಲಿಗೇ ಒಡೆದ.

"ಈಗ ಆತು. ಇನ್ನು ಚಾಲೂ ಮಾಡು. ಎಡಗೈ ಅದೆಯಲ್ಲ?"

ನೋವಿಗೆ ವೆಂಕಟನ ಕಣ್ಣು ಕತ್ತಲೆಗಟ್ಟಿತ್ತು. ಆದರೆ ಆ ಕತ್ತಲೆಯಲ್ಲಿ ಅವನ ಭಯವೂ ಎಲ್ಲೋ ಕಳೆದುಹೋಗಿತ್ತು. ಇಷ್ಟು ದಿನ ಕಾಪಾಡಿಕೊಂಡು ಬಂದ ಕೈಯೇ ಹೋದ ಮೇಲೆ ಇನ್ನು ಏನನ್ನು ಕಾಯುವುದು? ಎಡಗೈಯ ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಒತ್ತಿ, ಹೊಸ ಡಿಸ್ಕನ್ನು ಪೂರ್ತಿ ಅಳಿಸುವ ಆಜ್ಞೆ ಕೊಟ್ಟ. ಇದರಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು.

ಕುಪ್ಪನಿಗೆ ಇಂಗ್ಲಿಷು ಬಾರದು. "ಎಂತ ಕೇಳ್ತದೆ ಅದು?"

"ಮುಂದೆ ಹೋಗ್ಲಾ ಕೇಳ್ತದೆ."

"ಹೂಂ ಅನ್ನು. ನನ್ ಬಾಯಿ ಎಂತಕೆ ನೋಡ್ತೆ?"

ವೆಂಕಟ ಹೂಂ ಅಂದ. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಏರತೊಡಗಿದವು. ಕುಪ್ಪ ಕುರ್ಚಿ ಎಳೆದುಕೊಂಡು ಎದುರು ಕೂತ, ಪ್ರಸಾದದ ಕಾಯಿಚೂರು ಬಾಯಿಗೆ ಹಾಕಿಕೊಂಡ.

"ನೋಡ್ದ್ಯಾ ಜಟ್ಟಿ," ಎಂದ ಖುಷಿಯಿಂದ, "ಪೂಜೆ ಆದ್ಮೇಲೆ ಹೆಂಗೆ ಓಡ್ತದೆ!"